ಅಜ್ಜನ ಹಾರ್ಮೋನಿಯಂ: ರೀಡ್ ಎಲ್ಲಾ ಬದಲಾಯಿಸ್ಬೇಕು ಅಂತಿದಾರೆ, ನಾನೇ ಬಿಚ್ಚಿ ನೋಡ್ಲಾ?

ಚನ್ನಗಿರಿ ಮೊಮ್ಮಗ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ ಹೇಳಿ.

ನಮ್ಮಮ್ಮನ ಅಪ್ಪ ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರಾಗಿದ್ರು. ಕಂಪನಿ ನಿಂತ ಮೇಲೆ ಊರಿಗೆ ಬಂದು ಶನಿವಾರದ ಭಜನೆ, ಹಬ್ಬಕ್ಕೆ ಊರ ಹುಡುಗರಿಗೆ ನಾಟಕದ ಹಾಡು ಹೇಳ್ಕೊಡೋದು, ಹೀಗೇ ಇದ್ರು. ಅವರು ಹೋಗಿ 14 ವರ್ಷ ಆಯ್ತು. ಪೆಟ್ಟಿಗೆ ಅಟ್ಟದ ಮೇಲೆ ಕಂಬಳಿ ಸುತ್ತಿ ಇಟ್ಟಿದ್ರು, ಮೊನ್ನೆ ಹೆಂಚು ತೆಗೆಸೋವಾಗ ಕೆಳಗಿಳಿಸಿದ್ವಿ, ಈಗ ನನ್ನ ಹತ್ರ ಇದೆ. ಕೈಪೆಟ್ಟಿಗೆ, 39 ಮನೆ (ಬೆರಳಲ್ಲಿ ಒತ್ತೋ ಕೀ), ಎರಡು ಸಾಲು ರೀಡ್ (ಗಾಳಿಗೆ ಆಡಿ ಸ್ವರ ಕೊಡೋ ಹಿತ್ತಾಳೆ ನಾಲಿಗೆ).

ತೊಂದರೆ ಮೂರು. ಒಂದು, ಮಧ್ಯದ ಬಿಳಿ ನಾಲ್ಕು (ಸಪ್ತಕದ ನಾಲ್ಕನೇ ಬಿಳಿ ಮನೆ) ಒತ್ತಿದ್ರೆ ಸದ್ದೇ ಇಲ್ಲ, ಬರೀ ಉಸ್ ಅಂತ ಗಾಳಿ. ಎರಡು, ಕೆಳಗಿನ ಸಪ್ತಕದಲ್ಲಿ ಒಂದು ಮನೆ ಒತ್ತದೇನೇ ಹಾಡ್ತಾ ಇರುತ್ತೆ. ಮೂರು, ತಿದಿ ಎಷ್ಟು ಒತ್ತಿದ್ರೂ ಗಾಳಿ ನಿಲ್ಲಲ್ಲ, ಎರಡು ಸಾಲು ಹಾಡೋಷ್ಟರಲ್ಲಿ ಕೈ ಸೋತು ಹೋಗುತ್ತೆ.

ಪೇಟೇಲಿ ಒಂದು ಅಂಗಡಿಗೆ ತೋರಿಸ್ದೆ. ಅವರು ಮೇಲಿನ ಹಲಗೆ ಎತ್ತಿ ಎರಡು ನಿಮಿಷ ನೋಡಿ "ರೀಡ್ ಎಲ್ಲಾ ಸತ್ತೋಗಿದೆ, 78ಕ್ಕೆ 78ನ್ನೂ ಹೊಸದು ಹಾಕ್ಬೇಕು, ಒಂಬತ್ತೂವರೆ ಸಾವಿರ, ಹಳೇ ರೀಡ್ ನಾವೇ ಇಟ್ಕೋತೀವಿ" ಅಂದ್ರು. ಯಾಕೋ ಮನಸ್ಸು ಒಪ್ಪಲಿಲ್ಲ, ವಾಪಸ್ ತಂದೆ. ನನಗೆ ಸ್ಕ್ರೂ ಡ್ರೈವರ್ ಹಿಡಿಯೋಕೆ ಬರುತ್ತೆ, ಅಷ್ಟೇ. ಬಿಚ್ಚಿದ್ರೆ ಹಾಳಾಗುತ್ತಾ?

ಪೇಟಿ ಮಾಸ್ತರ:
ಕೊಡಬ್ಯಾಡ್ರಿ! ಮೊದಲ ಇದೊಂದು ಮಾತು. ಹಳೇ ರೀಡ್ ನಾವ ಇಟ್ಕೋತೀವಿ ಅಂದ್ರಲ್ಲ, ಅಲ್ಲೇ ತಿಳೀತು. ನಿಮ್ಮ ಅಜ್ಜಾರು ಕಂಪನಿ ಮಾಸ್ತರ ಅಂದ್ರ ಆ ಕಾಲದ ಪೇಟಿಯೊಳಗ ಜರ್ಮನ್ ರೀಡ್ ಇರೋ ಸಂಭವ ಭಾಳ ಐತಿ. ಒಳಗ ಫ್ರೇಮಿನ ಮ್ಯಾಲ ಏನರ ಅಕ್ಷರ ಕೆತ್ತಿದ್ರ ಫೋಟೋ ಹಾಕ್ರಿ. ಜುಬಿಲೇಟ್ ಅಂತ ಬರಿತಿದ್ರು ಕೆಲವಕ್ಕ. ಅಂಥ ಹಿತ್ತಾಳಿ ಈಗ ಸಿಗೋದು ಕಷ್ಟ ಐತಿ.

78 ರೀಡ್ ಒಮ್ಮೆಲೇ ಸಾಯೂದಿಲ್ರಿ. ಹಿತ್ತಾಳಿ ನಾಲಿಗಿ ಅದು, ಹೊಲಸು ಕೂತಿರತೈತಿ, ಸತ್ತಿರೂದಿಲ್ಲ.

ಶ್ರುತಿಬದ್ಧ:
ಅಂಗಡಿಯೋರು ಹೇಳಿದ್ದರಲ್ಲಿ ತಪ್ಪೇನಿದೆ? 14 ವರ್ಷ ಅಟ್ಟದ ಮೇಲಿದ್ದ ಪೆಟ್ಟಿಗೆ. ಹೊಸ ರೀಡ್ ಹಾಕ್ಸಿದ್ರೆ 440ಕ್ಕೆ (ಈಗಿನ ವಾದ್ಯಗಳ 440 ಹರ್ಟ್ಸ್ ಶ್ರುತಿ ಅಳತೆ) ಸರಿಯಾಗಿ ಕೂರುತ್ತೆ, ಕೀಬೋರ್ಡ್ ಜೊತೆ, ಟ್ರ್ಯಾಕ್ ಜೊತೆ ನುಡಿಸಬಹುದು. ಹಳೇದನ್ನ ಹಿಡ್ಕೊಂಡು ಕೂತ್ರೆ ಒಂದು ಸರಿ ಮಾಡೋಷ್ಟರಲ್ಲಿ ಇನ್ನೊಂದು ಹೋಗುತ್ತೆ.

ಪೇಟಿ ಮಾಸ್ತರ:
@ಶ್ರುತಿಬದ್ಧ ಹೊಸಾ ರೀಡ್ ಕೆಟ್ಟದ್ದು ಅನ್ನೂದಿಲ್ಲ ನಾ. ಗುಜರಾತಿನ ಪಾಲಿಟಾಣಾದಾಗ ಕೈಯಿಂದ ಮಾಡೋ ರೀಡ್ ಛಲೋ ಇರ್ತಾವು, ನನ್ನ ಎರಡನೇ ಪೇಟಿಯೊಳಗ ಅವ ಅದಾವು. ಆದ್ರ ನೋಡದ, ಒಂದೊಂದನ್ನ ಊದಿ ಕೇಳದ, ಎರಡು ನಿಮಿಷದಾಗ ಎಲ್ಲಾ ಸತ್ತಾವು ಅಂತ ಹ್ಯಾಂಗ ಹೇಳ್ತಾರ? ಅದು ನನ್ನ ತಕರಾರು.

ಕಪ್ಪು ಎರಡು:
ಗಾಳಿ ನಿಲ್ಲೋದಿಲ್ಲ ಅಂದಾಗ ಎಲ್ಲಾ ರೀಡೂ ಸಣ್ಣಗೆ, ಮಂಕಾಗೇ ಕೇಳುತ್ತೆ. ಅದನ್ನೇ ಅವರು ರೀಡ್ ಸತ್ತಿದೆ ಅಂದಿರ್ಬೇಕು. ಮೊದಲು ಗಾಳಿ ಸರಿ ಮಾಡಿ, ಆಮೇಲೆ ರೀಡ್ ಮಾತು.

ಬಡಗಿ ಮಗ:
ಕಪ್ಪು ಎರಡು ಹೇಳಿದ್ದು ನೂರಕ್ಕೆ ನೂರು. ನಮ್ಮಪ್ಪ ಮರಗೆಲಸದ ಜೊತೆ ಪೆಟ್ಟಿಗೆ ರಿಪೇರಿನೂ ಮಾಡ್ತಿದ್ರು, ನಾನು ಚಿಕ್ಕೋನಿದ್ದಾಗಿಂದ ತಿದಿಗೆ ಚರ್ಮ ಕತ್ತರಿಸ್ಕೊಟ್ಟವನು. ಬಿಚ್ಚೋಕೆ ಮುಂಚೆ ಈ ಪರೀಕ್ಷೆ ಮಾಡಿ.

ಸ್ಟಾಪ್ (ರೀಡ್ ಸಾಲಿಗೆ ಗಾಳಿ ಬಿಡೋ, ಮುಚ್ಚೋ ಗುಬುಟು) ಎಲ್ಲಾ ಒಳಗೆ ತಳ್ಳಿ ಮುಚ್ಚಿ. ತಿದಿ ಒತ್ತಿ ಒಳಗಿನ ತಿದಿ ಪೂರ್ತಿ ತುಂಬ್ಸಿ ಕೈ ಬಿಡಿ. ಪೆಟ್ಟಿಗೇಲಿ ತಿದಿ ಎರಡು ಇರುತ್ತೆ ಗೊತ್ತಲ್ವಾ, ಹಿಂದೆ ಕೈಲಿ ಒತ್ತೋದು ಗಾಳಿ ಎಳ್ಕೊಂಡು ಒಳಕ್ಕೆ ತಳ್ಳುತ್ತೆ, ತಳದಲ್ಲಿರೋ ಇನ್ನೊಂದು ಅದನ್ನ ಹಿಡಿದಿಟ್ಟು ಸ್ಪ್ರಿಂಗ್ ಒತ್ತಡದಲ್ಲಿ ಒಂದೇ ಸಮ ಕೊಡುತ್ತೆ. ಈಗ ಸ್ಟಾಪ್ ಮುಚ್ಚಿದ್ರೂ ಗಾಳಿ ಬೇಗ ಇಳಿದು ಹೋದ್ರೆ ತೂತು ಹೆಚ್ಚಾಗಿ ತಿದೀಲೇ ಇರುತ್ತೆ. ಮುಚ್ಚಿದಾಗ ನಿಂತು, ಸ್ಟಾಪ್ ಎಳೆದ ತಕ್ಷಣ ಯಾವ ಮನೇನೂ ಒತ್ತದೇ ಇಳಿದ್ರೆ ತಿದಿ ಚೆನ್ನಾಗಿದೆ, ಸೋರ್ತಿರೋದು ರೀಡ್ ಹಲಗೆ ಕೂರೋ ಅಂಚಲ್ಲಿ ಇಲ್ಲಾ ಮನೆ ಕೆಳಗಿನ ಚರ್ಮದಲ್ಲಿ. ಎರಡೂ ಇರಬಹುದು. ಇಷ್ಟು ಮಾಡಿ ಬನ್ನಿ, ಮುಂದಿಂದು ಹೇಳ್ತೀನಿ.

ಇನ್ನೊಂದು. ಊದುಬತ್ತಿ ಹಚ್ಚಿ ಮಡಿಕೆ ಮಡಿಕೆಗೂ, ಮೂಲೆ ಮೂಲೆಗೂ ನಿಧಾನಕ್ಕೆ ಹಿಡೀರಿ, ಇನ್ನೊಬ್ರು ತಿದಿ ಒತ್ತಲಿ. ಹೊಗೆ ಎಲ್ಲಿ ಪಕ್ಕಕ್ಕೆ ಹಾರುತ್ತೋ ಅಲ್ಲಿ ಪೆನ್ಸಿಲಲ್ಲಿ ಗುರುತು. ದೀಪ ಹಿಡೀಬೇಡಿ, ಒಣಗಿದ ಚರ್ಮ, ಬಟ್ಟೆ ಎರಡಕ್ಕೂ ಬೆಂಕಿ ಬೇಗ.

ಭಜನೆ ಮಂಡಳಿ:
ಸಿಂಪಲ್. ಮನೆಗಳ ಸಂದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಬಿಡಿ, ಹಾಡ್ತಾ ಇರೋದು ನಿಲ್ಲುತ್ತೆ. ನಾವು ಮಂಡಳಿ ಪೆಟ್ಟಿಗೆಗೆ ಹಂಗೇ ಮಾಡಿದ್ದು.

ಬಡಗಿ ಮಗ:
ಅಯ್ಯೋ ಬೇಡ ಸ್ವಾಮಿ!! ಎಣ್ಣೆ ಮರ ಕುಡಿದು ಉಬ್ಬುತ್ತೆ, ಧೂಳು ಅಂಟುತ್ತೆ, ಕೆಳಗಿಳಿದು ಚರ್ಮಕ್ಕೆ ತಾಗಿದ್ರೆ ಚರ್ಮ ಗಟ್ಟಿಯಾಗಿ ಮುಚ್ಕೊಳ್ಳೋದೇ ಇಲ್ಲ. ಇವತ್ತು ನಿಂತಿರುತ್ತೆ, ಮುಂದಿನ ಶ್ರಾವಣಕ್ಕೆ ಹತ್ತು ಮನೆ ಹಿಡ್ಕೊಳ್ಳುತ್ತೆ. ತುಕ್ಕು ಬಿಡ್ಸೋ ಸ್ಪ್ರೇ ಹೊಡೀತಾರೆ ಕೆಲವ್ರು, ಅದೂ ಬೇಡ. ಮನೆ ಪಕ್ಕಕ್ಕೆ ಉಜ್ಜಿದ್ರೆ ಪೆನ್ಸಿಲ್ ಸೀಸ ಸವರಿ, ಸಾಕು.

ಭಜನೆ ಮಂಡಳಿ:
ಓ ಹೌದಾ. ನಮ್ದು ಈಗ ನಾಲ್ಕು ಮನೆ ಎದ್ದೇಳ್ತಿಲ್ಲ, ಮಳೆಗೆ ಅಂದ್ಕೊಂಡಿದ್ವಿ. ಈ ಭಾನುವಾರ ಬಿಚ್ತೀವಿ.

ಮಲೆನಾಡ ಮಳೆ:
ಮಳೆಗೂ ಇರಬಹುದು. ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಮನೆಗಳು ಒಂದಕ್ಕೊಂದು ತಿಕ್ಕಿ ನಿಂತೇ ಬಿಡುತ್ವೆ. ನಾವು ಪೆಟ್ಟಿಗೇನ ಅಡುಗೆಮನೆ ಪಕ್ಕದ ಬೆಚ್ಚಗಿನ ಕೋಣೇಲಿ ಇಡ್ತೀವಿ, ವಾರಕ್ಕೆ ಎರಡು ಸಲನಾದ್ರೂ ನುಡಿಸ್ತೀವಿ. ನುಡಿಸದೇ ಇಟ್ರೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತೆ. ಉಬ್ಬಿದೆ ಅಂತ ಮಳೆಗಾಲದಲ್ಲಿ ಮನೆ ಪಕ್ಕ ಹೆರೆಯೋಕೆ ಹೋಗ್ಬೇಡಿ, ಬೇಸಿಗೇಲಿ ಲೊಡ ಲೊಡ ಅನ್ನುತ್ತೆ.

ನ್ಯೂಜೆರ್ಸಿ ಕನ್ನಡಿಗ:
ನಮ್ಮಲ್ಲಿ ತದ್ವಿರುದ್ಧ. ಚಳಿಗಾಲದಲ್ಲಿ ಹೀಟರ್ ಹಾಕಿದ್ರೆ ಮನೆ ಒಳಗಿನ ಗಾಳಿ ಒಣಗಿ ಮರ ಕುಗ್ಗುತ್ತೆ. ಊರಿಂದ ತಂದ ಪೆಟ್ಟಿಗೆಯ ರೀಡ್ ಹಲಗೆ ಎರಡನೇ ಚಳಿಗಾಲಕ್ಕೆ ಕೂದಲೆಳೆಯಷ್ಟು ಸೀಳಿತು, ಒಂದು ಮನೆ ಒತ್ತಿದ್ರೆ ಪಕ್ಕದ್ದೂ ಸಣ್ಣಗೆ ಹಾಡೋದು. ಈಗ ಕೋಣೇಲಿ ಹ್ಯುಮಿಡಿಫೈಯರ್ ಇಟ್ಟಿದೀನಿ.

ಚನ್ನಗಿರಿ ಮೊಮ್ಮಗ:
ಬಡಗಿ ಮಗ ಅವರು ಹೇಳಿದ ಹಾಗೆ ಮಾಡ್ದೆ. ಸ್ಟಾಪ್ ಮುಚ್ಚಿದಾಗಲೂ ಇಳಿಯುತ್ತೆ, ಸುಮಾರು ಆರು ಸೆಕೆಂಡ್‌ಗೆ ಖಾಲಿ. ಊದುಬತ್ತಿ ಹಿಡಿದಾಗ ಹಿಂದಿನ ತಿದಿಯ ಬಲಗಡೆ ಕೆಳಮೂಲೆಯಲ್ಲಿ ಹೊಗೆ ಜೋರಾಗಿ ಹಾರ್ತು. ಅಲ್ಲಿ ಚರ್ಮ ನೋಡೋಕೆ ಚೆನ್ನಾಗೇ ಇದೆ, ಬೆರಳಲ್ಲಿ ಮುಟ್ಟಿದ್ರೆ ಪುಡಿ ಪುಡಿ.

ಇನ್ನು ಧೈರ್ಯ ಮಾಡಿ ಮೇಲಿನ ಹಲಗೆ ತೆಗೆದು ಮನೆ ಸಾಲು ಎತ್ತಿದೆ. ಮನೆಗಳ ಅಡೀಲಿ ಪೆನ್ಸಿಲಲ್ಲಿ ೧ರಿಂದ ೩೯ರವರೆಗೆ ಕನ್ನಡ ಅಂಕಿ ಬರೆದಿದೆ! ಎಡಗಡೆ ಮೂಲೇಲಿ "೧೯೬೮ ಚರ್ಮ ಹೊಸದು" ಅಂತಿದೆ. ಅಜ್ಜನ ಅಕ್ಷರ. ೮ರ ಬಾಲ ಮೇಲಕ್ಕೆ ಎಳೀತಿದ್ರು ಅವರು, ಹಾಲಿನ ಲೆಕ್ಕದ ಪುಸ್ತಕದಲ್ಲೂ ಹಾಗೇ ಇದೆ. ಅಮ್ಮನಿಗೆ ತೋರಿಸ್ದೆ.

ಕಪ್ಪು ಎರಡು:
ಅಂದ್ರೆ ಅವರೇ ಬಿಚ್ಚಿ ಕೆಲಸ ಮಾಡಿದಾರೆ. ಇನ್ನು ನೀವು ಹೆದರೋದು ಏನೂ ಇಲ್ಲ.

ಪೇಟಿ ಮಾಸ್ತರ:
ಆ ಅಂಕಿ ಮ್ಯಾಲಿನ ಕೊಳಿ ಒರಸಬ್ಯಾಡ್ರಿ, ಹಂಗ ಇರ್ಲಿ.

ಹಳೇ ಮಾಸ್ತರಗಳಿಗೆ ಬಿಚ್ಚೂದು ಬರ್ಲೇಬೇಕಿತ್ತು. ಕ್ಯಾಂಪ್ ಇಂದ ಕ್ಯಾಂಪಿಗೆ ಲಾರಿಯೊಳಗ ಪೇಟಿ ಹೋಗೂದು, ರಾತ್ರಿ ಹತ್ತಕ್ಕ ಪಡದೆ ಏಳೂದು, ನಡುವ ಒಂದು ಸ್ವರ ಕೈ ಕೊಟ್ರ ಯಾರನ್ನ ಕರೀತಾರ? ದೊಡ್ಡ ಕಂಪನಿಯೊಳಗ ಕಾಲಪೇಟಿ ಇರ್ತಿತ್ತು, ಕಾಲಿಂದ ಗಾಳಿ ಹೊಡದು ಎರಡೂ ಕೈಯಿಂದ ಬಾರಸ್ತಿದ್ರು, ಆ ಸದ್ದು ಹಿಂದಿನ ಸಾಲಿನ ತನಕ ಮೈಕ್ ಇಲ್ಲದ ಹೋಗ್ತಿತ್ತು.

ಬಡಗುತಿಟ್ಟು:
ಯಕ್ಷಗಾನದಲ್ಲಿ ಶ್ರುತಿಗೆ ಮೊದಲು ಪುಂಗಿ ಇದ್ದದ್ದು, ಆಮೇಲೆ ಹಾರ್ಮೋನಿಯಂ ಬಂತು. ಬರೀ ಶ್ರುತಿ ಹಿಡೀಲಿಕ್ಕೆ ಅದು, ರಾಗ ನುಡಿಸ್ಲಿಕ್ಕಲ್ಲ. ಹಾಗಾಗಿ ಮೇಳದ ಹಳೇ ಪೆಟ್ಟಿಗೆ ಬಿಚ್ಚಿದ್ರೆ ಮೂರು ನಾಲ್ಕು ರೀಡ್ ಮಾತ್ರ ಸವೆದಿರ್ತದೆ, ಉಳಿದದ್ದು ಹೊಸತರ ಹಾಗೆ ಉಂಟು.

ಶ್ರುತಿಬದ್ಧ:
ವಿಷಯಕ್ಕೆ ಬರೋಣ. ಆಕಾಶವಾಣಿಯೇ ಹಾರ್ಮೋನಿಯಂ ಬೇಡ ಅಂತ ಹೊರಗಿಟ್ಟಿತ್ತಲ್ಲ, ನಮ್ಮ ಸಂಗೀತಕ್ಕೆ ಹೊಂದಲ್ಲ ಅಂತ. ಇದಕ್ಕೆ ಇಷ್ಟು ಒದ್ದಾಟ ಬೇಕಾ ಅನ್ನೋದು ನನ್ನ ಪ್ರಶ್ನೆ. ಅಲಂಕಾರಕ್ಕೆ ಇಟ್ಕೊಳ್ಳಿ, ನುಡಿಸೋಕೆ ಹೊಸದು ತಗೊಳ್ಳಿ.

ಕಪ್ಪು ಎರಡು:
ಹೊರಗಿಟ್ಟಿದ್ದು 1940ರ ಮಾರ್ಚ್ 1ರಿಂದ, ಮತ್ತೆ ಒಳಗೆ ಬಂದಿದ್ದು 1971ರಲ್ಲಿ. ಆ ಮೂವತ್ತು ವರ್ಷವೂ ಹೊರಗಿನ ಕಚೇರಿಗಳಲ್ಲಿ ಗಾಯಕರ ಪಕ್ಕ ಹಾರ್ಮೋನಿಯಂ ಇದ್ದೇ ಇತ್ತು. ರೇಡಿಯೋ ಬೇಡ ಅಂದಿದ್ದಕ್ಕೆ ಸಂಗೀತಗಾರರು ಬಿಟ್ಟರಾ?

ಪೇಟಿ ಮಾಸ್ತರ:
ನಮ್ಮ ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆ ಅವರು 1917ರಾಗ ಹುಟ್ಟಿ 2010ರ ತನಕ ಇದ್ರು, ತೊಂಬತ್ತರ ಮ್ಯಾಲೂ ಪೇಟಿ ಬಾರಿಸ್ತಿದ್ರು, ಕಲಸ್ತಿದ್ರು. ಅವರ ಬೆರಳಿನ್ಯಾಗ ಪೇಟಿ ಹಾಡ್ತಿತ್ತು ಅಂತ ಕೇಳಿದವರು ಇವತ್ತಿಗೂ ಹೇಳ್ತಾರ. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಣ್ಣಿಲ್ಲದ ಮಕ್ಕಳು ಇದ ಪೇಟಿ ಮ್ಯಾಲ ಸ್ವರ ಕಲ್ತು ದೊಡ್ಡ ಗವಾಯಿ ಆಗ್ಯಾರ. ಹೊಂದೂದಿಲ್ಲ ಅನ್ನೂದು ಯಾರ ಮಾತು?

ಶ್ರುತಿಬದ್ಧ:
ನಾನು ಕಲಾವಿದರ ಬಗ್ಗೆ ಮಾತಾಡಿಲ್ಲ, ವಾದ್ಯದ ಶ್ರುತಿ ಬಗ್ಗೆ. ಗಮಕ ಬರಲ್ಲ, ಗಾಂಧಾರ ಏರಿರುತ್ತೆ. ಇದು ಸುಳ್ಳಾ?

ಕಪ್ಪು ಎರಡು:
ಗಾಂಧಾರ ಏರಿರೋದು ನಿಜ, ಅದಕ್ಕೆ ಮದ್ದೂ ಇದೆ. ಸಪ್ತಕವನ್ನ ಹನ್ನೆರಡು ಸಮಭಾಗ ಮಾಡಿದ ಶ್ರುತೀಲಿ ಸ ಇಂದ ಶುದ್ಧ ಗ 400 ಸೆಂಟ್ ದೂರ (ಪಕ್ಕಪಕ್ಕದ ಎರಡು ಸ್ವರದ ನಡುವೆ 100 ಸೆಂಟ್), ತಂಬೂರಿಯಲ್ಲಿ ತಾನಾಗಿ ಕೇಳೋ ಗಾಂಧಾರ 386. ಹದಿನಾಲ್ಕು ಸೆಂಟ್ ಜಾಸ್ತಿ. ಕಪ್ಪು ಒಂದಕ್ಕೆ ಸ ಇಟ್ರೆ ಗ 349 ಹರ್ಟ್ಸ್ ಹತ್ರ ಬರುತ್ತೆ, ಬರಬೇಕಾಗಿದ್ದು 346.5. ತಂಬೂರಿ ಪಕ್ಕ ಇಟ್ಟು ಒತ್ತಿದ್ರೆ ವ್ಞಾಂವ್ ವ್ಞಾಂವ್ ಅಂತ ಅಲೆ ಎದ್ದಿರುತ್ತೆ, ಕಿವಿಗೆ ಮುಳ್ಳು ಚುಚ್ಚಿದ ಹಾಗೆ. ಅದನ್ನ ಇಳಿಸಿ ಕೂರಿಸೋದಕ್ಕೇ ಗಾಂಧಾರ ಟ್ಯೂನಿಂಗ್ ಅಂತಾರೆ. ಮುಂಬೈಯ ಡಾ. ವಿದ್ಯಾಧರ ಓಕ್ ಅವರು ಇನ್ನೂ ಮುಂದೆ ಹೋಗಿ 22 ಶ್ರುತಿ ಸಿಗೋ ಹಾರ್ಮೋನಿಯಂ ಮಾಡಿದಾರೆ.

ಬಡಗಿ ಮಗ:
ಗಾಂಧಾರ ಟ್ಯೂನಿಂಗ್ ಮಾಡಿದ ಪೆಟ್ಟಿಗೆ ಒಂದೇ ಸ ಗೆ ಚೆನ್ನ, ಅದನ್ನೂ ಹೇಳಿ. ಕಪ್ಪು ಒಂದಕ್ಕೆ ಕೂರಿಸಿದ್ದನ್ನ ಭಜನೆಯೋರು ಬಿಳಿ ಐದಕ್ಕೆ ಹಾಡಿದ್ರೆ ಕರ್ಕಶ. ಮೊಮ್ಮಗ ಅವರು ಮನೇಲಿ ಎಲ್ರೂ ಹಾಡೋದಾದ್ರೆ ಸದ್ಯಕ್ಕೆ ಅದರ ತಂಟೆ ಬೇಡ.

ಚನ್ನಗಿರಿ ಮೊಮ್ಮಗ:
ಅಮ್ಮ ಒಂದು, ಹೆಂಡ್ತಿ ಒಂದು, ನಾನೊಂದು ಶ್ರುತಿ. ಆದ್ರಿಂದ ಬೇಡ ಬಿಡಿ :) ಈಗ ರೀಡ್ ಹಲಗೆ ಎತ್ತಬಹುದಾ? ಎರಡು ಪಕ್ಕ ಹಿತ್ತಾಳೆ ಕೊಕ್ಕೆ ಇದೆ, ಎರಡು ಸ್ಕ್ರೂ ಇದೆ.

ಬಡಗಿ ಮಗ:
ಎತ್ತಿ. ಒಂದು ಬಿಳೀ ಪಂಚೆ ಹಾಸಿ ಅದರ ಮೇಲೆ ಕೆಲಸ ಮಾಡಿ, ಸ್ಕ್ರೂ ಬಿದ್ರೆ ಕಾಣಬೇಕು. ಯಾವ ಸ್ಕ್ರೂ ಎಲ್ಲಿಂದು ಅಂತ ರಟ್ಟಿನ ಮೇಲೆ ಚಿತ್ರ ಬರೆದು ಅಲ್ಲಲ್ಲೇ ಚುಚ್ಚಿಡಿ. ಹಲಗೆ ತಿರುಗಿಸಿ ಇಟ್ರೆ ಅಡೀಲಿ ಎರಡು ಸಾಲು ಹಿತ್ತಾಳೆ ರೀಡ್ ಕಾಣುತ್ತೆ, ಒಂದೊಂದಕ್ಕೂ ಎರಡು ಸ್ಕ್ರೂ. ನಾಲಿಗೆ ಒಂದು ತುದೀಲಿ ಫ್ರೇಮಿಗೆ ರಿವೆಟ್ ಆಗಿರುತ್ತೆ, ಇನ್ನೊಂದು ತುದಿ ಬಿಡುವಾಗಿ ಸೀಳಿನ ಮೇಲೆ ಒಂದಿಷ್ಟೇ ಎದ್ದಿರುತ್ತೆ. ಆ ಎದ್ದಿರೋ ಅಳತೆಯೇ ಜೀವ. ಜಾಸ್ತಿ ಎದ್ರೆ ತಡವಾಗಿ ಮಾತಾಡುತ್ತೆ, ಗಾಳಿ ತಿನ್ನುತ್ತೆ. ಕಮ್ಮಿ ಆದ್ರೆ ಜೋರಾಗಿ ಗಾಳಿ ಹೊಡೆದ ತಕ್ಷಣ ಉಸಿರುಕಟ್ಟಿ ಸುಮ್ಮನಾಗುತ್ತೆ. ಬೆರಳಲ್ಲಿ ಮೀಟಬೇಡಿ, ಬಾಗುತ್ತೆ.

ಸುಮ್ಮನಿರೋ ರೀಡಿಗೆ ತೆಳುವಾದ ಗಟ್ಟಿ ಕಾಗದ, ಹಳೇ ಲಗ್ನಪತ್ರಿಕೆ ತುಂಡು ಆಗುತ್ತೆ, ನಾಲಿಗೆ ಕೆಳಗೆ ತುದಿಯಿಂದ ಬುಡದ ಕಡೆ ಒಂದು ಸಲ ಜಾರಿಸಿ ಹೊರಗೆಳೀರಿ. ಮುಕ್ಕಾಲು ಪಾಲು ಅಷ್ಟರಲ್ಲೇ ಬರುತ್ತೆ.

ಕಡಲತಡಿ:
ಮಧ್ಯೆ ಬಾಯಿ ಹಾಕ್ತೇನೆ ಆಯ್ತಾ. ನಮ್ಮ ಮನೇಲಿ ಅಕಾರ್ಡಿಯನ್ ಉಂಟು, ಅಪ್ಪ ಚರ್ಚಿನ ಕಾಯರ್‌ಗೆ, ಮದುವೆ ಮುಂಚಿನ ರೋಸ್ ಶಾಸ್ತ್ರಕ್ಕೆ ನುಡಿಸ್ತಿದ್ರು, 120 ಬಾಸ್ ಗುಂಡಿಯದ್ದು. ಅದನ್ನು ಬಿಚ್ಚಿದ್ರೆ ಒಳಗೆ ನಿಮ್ಮ ಹಾರ್ಮೋನಿಯಂ ತರಾನೇ ನಾಲಿಗೆ, ಆದ್ರೆ ಮೂರು ವ್ಯತ್ಯಾಸ ನೆನಪಿಡಿ ಮಾರಾಯ್ರೆ, ಯಾಕಂದ್ರೆ ಎರಡೂ ಒಂದೇ ಅಂತ ರಿಪೇರಿ ಮಾಡಿ ನಮ್ಮದನ್ನು ಒಬ್ರು ಹಾಳು ಮಾಡಿ ಕೊಟ್ಟಿದ್ದಾರೆ.

ಹಾರ್ಮೋನಿಯಂನಲ್ಲಿ ಗಾಳಿ ಒಂದೇ ದಿಕ್ಕಿಗೆ ಹೋಗ್ತದೆ. ಅಕಾರ್ಡಿಯನ್‌ನಲ್ಲಿ ತಿದಿ ಎಳೆದ್ರೂ ಹಾಡಬೇಕು, ಒತ್ತಿದ್ರೂ ಹಾಡಬೇಕು, ಹಾಗಾಗಿ ಒಂದೇ ಪ್ಲೇಟಿನಲ್ಲಿ ಎರಡು ನಾಲಿಗೆ, ಒಂದು ಈಚೆ ಮುಖ, ಒಂದು ಆಚೆ ಮುಖ. ಕೆಲಸ ಇಲ್ಲದ ನಾಲಿಗೆಯ ಸೀಳನ್ನು ಮುಚ್ಲಿಕ್ಕೆ ಸಣ್ಣ ಚರ್ಮದ ಪಟ್ಟಿ. ಆ ಪಟ್ಟಿ ಸುರುಟಿಕೊಂಡ್ರೆ ಸ್ವರ ತಡವಾಗಿ ಬರ್ತದೆ, ಪಟ್ ಅಂತ ಸದ್ದು ಬರ್ತದೆ. ಎರಡನೇದು, ಪ್ಲೇಟು ಸ್ಕ್ರೂನಲ್ಲಿ ಅಲ್ಲ, ಜೇನುಮೇಣಕ್ಕೆ ರಾಳ ಬೆರೆಸಿ ಕಾಯಿಸಿ ಹೊಯ್ದು ಕೂರಿಸಿರ್ತಾರೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಹೋದದ್ದು ನಾನೇ, ಸಂಜೆ ತೆಗೆದು ನೋಡಿದ್ರೆ ಮೇಣ ಮೆತ್ತಗಾಗಿ ಐದು ಪ್ಲೇಟು ಜಾರಿ ಒಳಗೆ ಗಿಲಿ ಗಿಲಿ. ಮೂರನೇದು, ಅದರ ನಾಲಿಗೆ ಉಕ್ಕು. ಹಿತ್ತಾಳೆಯ ಹಾಗಲ್ಲ, ಬೆವರು ಕೈಯಲ್ಲಿ ಮುಟ್ಟಿದ್ರೆ ತುಕ್ಕು ಹಿಡೀತದೆ.

ನಮ್ಮದನ್ನು ಸರಿ ಮಾಡ್ತೇನೆ ಅಂದವ್ರು ಮೇಣ ಕೆರೆದು ಏನೋ ಎರಡು ಟ್ಯೂಬ್ ಕಲಸುವ ಗಟ್ಟಿ ಅಂಟು ಹಾಕಿದ್ದಾರೆ. ಈಗ ಆ ಪ್ಲೇಟು ಜನ್ಮದಲ್ಲಿ ಬಿಚ್ಲಿಕ್ಕೆ ಬರುದಿಲ್ಲ. ಅಪ್ಪ ಅದನ್ನು ನೋಡಿ ಎರಡು ದಿನ ಮಾತಾಡ್ಲಿಲ್ಲ.

ಬಡಗಿ ಮಗ:
ಛೆ. ಇದೇ ನೋಡಿ, ಮುಂದೆ ಇನ್ನೊಬ್ಬ ಬಿಚ್ತಾನೆ ಅನ್ನೋ ಯೋಚನೆಯೇ ಇಲ್ಲ. ಅದಕ್ಕೇ ಹಳಬರು ಮರವಜ್ರ (ಪ್ರಾಣಿ ಚರ್ಮ ಕುದಿಸಿ ಮಾಡೋ ಅಂಟು) ಹಾಕ್ತಿದ್ರು, ಬಿಸಿ ನೀರು, ಹಬೆ ಕೊಟ್ರೆ ಬಿಟ್ಕೊಳ್ಳುತ್ತೆ, ಚರ್ಮ ಹರಿಯಲ್ಲ. ಪ್ಲೇಟಿನ ಅಂಚಲ್ಲಿ ಸಂದು ಇದ್ರೆ ಸಣ್ಣ ಗರಗಸದ ಎಳೆಯಿಂದ ನಿಧಾನಕ್ಕೆ ಅಂಟು ಕೊಯ್ಯೋಕೆ ಆಗುತ್ತಾ ನೋಡ್ಬೇಕು. ಫೋಟೋ ಹಾಕ್ತೀರಾ?

ಕಡಲತಡಿ:
ಆದಿತ್ಯವಾರ ಊರಿಗೆ ಹೋಗ್ತೇನೆ, ಹಾಕ್ತೇನೆ. ಥ್ಯಾಂಕ್ಸ್.

ಚನ್ನಗಿರಿ ಮೊಮ್ಮಗ:
ಅಪ್‌ಡೇಟ್!! ಬಿಳಿ ನಾಲ್ಕು ಹಾಡ್ತು!!

ಹಲಗೆ ತಿರುಗಿಸಿ ಟಾರ್ಚ್ ಹಿಡಿದು ನೋಡಿದ್ರೆ ನಾಲಿಗೆ ಮತ್ತು ಫ್ರೇಮ್ ಮಧ್ಯೆ ಒಂದು ಕಪ್ಪು ಎಳೆ. ಅಂಗುಲದಲ್ಲಿ ಕಾಲು ಭಾಗವೂ ಇಲ್ಲ. ಅಜ್ಜನ ಕಂಬಳಿಯದ್ದೇ ಉಣ್ಣೆ, ಅಟ್ಟದ ಮೇಲೆ ಸುತ್ತಿದ್ರಲ್ಲ ಅದು. ಲಗ್ನಪತ್ರಿಕೆ ತುಂಡು ಜಾರಿಸ್ದೆ, ಹೊರಗೆ ಬಂತು. ಹಲಗೆ ವಾಪಸ್ ಕೂರಿಸಿ ಒತ್ತಿದ್ರೆ ಮ... ಅಂತ ತುಂಬಿ ಬಂತು. ಅಡುಗೆಮನೆಯಿಂದ ಅಮ್ಮ ಬಂದು ನಿಂತ್ಕೊಂಡ್ರು.

ಸುಮ್ಮನೆ ಹಾಡ್ತಿದ್ದ ಮನೆಯ ಅಡಿ ಚರ್ಮವನ್ನ ಬೆಳ್ಳಿಹುಳ ತಿಂದು ಒಂದು ಕಡೆ ಗುಳಿ ಮಾಡಿದೆ, ತೂತು ಪೂರ್ತಿ ಮುಚ್ತಾ ಇರ್ಲಿಲ್ಲ.

ಫ್ರೇಮಿನ ಮೇಲೆ ಅಕ್ಷರ ಯಾವುದೂ ಇಲ್ಲ ಮಾಸ್ತರೇ. ಬರೀ ಚಿಕ್ಕ ಅಂಕಿ ಒತ್ತಿದೆ.

ಪೇಟಿ ಮಾಸ್ತರ:
ಅಕ್ಷರ ಇಲ್ಲಂದ್ರ ಎಲ್ಲಿಂದು ಅಂತ ನಾ ಹೇಳೂದಿಲ್ಲ. ಜರ್ಮನ್ ಇರ್ಲಿ ಬಿಡ್ಲಿ, ಸ್ವರ ತುಂಬಿ ಬಂತಲ್ಲ, ಅದ ಮುಖ್ಯ. ಒಂದು ಕಂಬಳಿ ಎಳಿಗೆ ಒಂಬತ್ತೂವರಿ ಸಾವಿರ ಕೊಡಾವ್ರಿದ್ರಿ!

ಶ್ರುತಿಬದ್ಧ:
ಸರಿ, ಈ ವಿಷಯದಲ್ಲಿ ನಾನು ಆತುರ ಮಾಡಿದೆ, ಒಪ್ಕೋತೀನಿ. ಶ್ರುತಿ ಹೇಗಿದೆ ಅಂತ ಟ್ಯೂನರ್ ಆ್ಯಪಲ್ಲಿ ಒಂದೊಂದನ್ನೂ ನೋಡಿ. ಒಂದು ಸ್ಟಾಪ್ ಮಾತ್ರ ಎಳೆದು, ಒಂದೇ ಸಮ ಗಾಳಿ ಕೊಟ್ಟು. ಜೋರಾಗಿ ಒತ್ತಿದಾಗ, ಮೆಲ್ಲಗೆ ಒತ್ತಿದಾಗ ಶ್ರುತಿ ಬೇರೆ ತೋರಿಸುತ್ತೆ.

ಚನ್ನಗಿರಿ ಮೊಮ್ಮಗ:
ಎರಡು ಸಂಜೆ ಕೂತು 78ನ್ನೂ ಬರ್ಕೊಂಡೆ. ಎಲ್ಲಾ 440ಕ್ಕಿಂತ 8ರಿಂದ 12 ಸೆಂಟ್ ಮೇಲಿದೆ. ಒಂದು ಮಾತ್ರ ಬೇರೆ: ಮೇಲ್ ಸಾಲಿನ ಮಧ್ಯದ ಕಪ್ಪು ಮೂರು, 35 ಸೆಂಟ್ ಕೆಳಗೆ. ಮೊನ್ನೆ ಇಷ್ಟು ಕೆಳಗೆ ಇರ್ಲಿಲ್ಲ ಅನ್ಸುತ್ತೆ. ಹೆರೆದು ಏರಿಸ್ಲಾ? ಎಲ್ಲಾನೂ 440ಕ್ಕೆ ಇಳಿಸ್ಲಾ?

ಪೇಟಿ ಮಾಸ್ತರ:
ತಡೀರಿ ತಡೀರಿ, ಕಾನಸು (ಅರ) ಕೈಯಾಗ ಹಿಡೀಬ್ಯಾಡ್ರಿ!

ಎಲ್ಲಾ ಒಂದ ಅಳತಿಗೆ ಮ್ಯಾಲ ಅದಾವು ಅಂದ್ರ ಪೇಟಿ ತನ್ನೊಳಗ ತಾನು ಶ್ರುತಿಯೊಳಗೇ ಐತಿ. ಹಳೇ ಪೇಟಿ 440ಕ್ಕ ಇರ್ಬೇಕಂತ ಯಾರು ಹೇಳ್ಯಾರ? ಅದನ್ನ ಮುಟ್ಟಬ್ಯಾಡ್ರಿ. 78 ನಾಲಿಗಿ ಕೆರದ್ರ 78 ನಾಲಿಗಿ ಆಯುಷ್ಯ ಕಮ್ಮಿ ಆತು.

ಆ ಕಪ್ಪು ಮೂರು ಇನ್ನೊಂದು ಕಥಿ. ಉಳಿದವು ಎಲ್ಲಾ ನೆಟ್ಟಗಿದ್ದು ಒಂದ ನಾಲಿಗಿ ದಿನದಿಂದ ದಿನಕ್ಕ ಇಳಿಯಾಕತ್ತೈತಿ ಅಂದ್ರ ಬುಡದಾಗ ಬಿರುಕು ಬಿಟ್ಟಿರತೈತಿ. ರಿವೆಟ್ ಹತ್ರ ಭೂತಗನ್ನಡಿ ಹಿಡದು ನೋಡ್ರಿ, ಅಡ್ಡಡ್ಡ ಕೂದಲಿನಂಥ ಗೆರಿ ಕಾಣಬೇಕು. ಬುಡ ಸಡ್ಲ ಆದಂಗ ನಾಲಿಗಿ ಬಿಗಿ ಕಮ್ಮಿ ಆಕ್ಕೈತಿ, ಸ್ವರ ಇಳೀತೈತಿ. ನೀವು ತುದಿ ಕೆರದು ಏರಿಸ್ತೀರಿ, ನಾಳೆ ಮತ್ತ ಇಳೀತೈತಿ, ಒಂದಿನ ಭಜನಿ ನಡುವ ಟಣ್ ಅಂತ ಮುರೀತೈತಿ.

ಕಪ್ಪು ಎರಡು:
ಹೊಸಬರಿಗೆ: ತುದಿ ಹೆರೆದ್ರೆ ಅಲ್ಲಿ ಭಾರ ಕಮ್ಮಿಯಾಗಿ ನಾಲಿಗೆ ಬೇಗ ಆಡುತ್ತೆ, ಸ್ವರ ಏರುತ್ತೆ. ಬುಡ ಹೆರೆದ್ರೆ ಬಿಗಿ ಕಮ್ಮಿಯಾಗಿ ಇಳಿಯುತ್ತೆ. ಹೆರೆಯೋವಾಗ ಕೆಳಗೆ ತೆಳು ಪಟ್ಟಿ ಕೊಟ್ಟು, ಎರಡೇ ಎರಡು ಸಲ ಎಳೆದು, ಬಿಸಿ ಆರೋವರೆಗೂ ಕಾದು, ಪೆಟ್ಟಿಗೇಲಿ ಕೂರಿಸಿ ಕೇಳ್ಬೇಕು. ಹೊರಗೆ ಕೇಳೋ ಸ್ವರ ಬೇರೆ, ಒಳಗೆ ಬೇರೆ.

ಚನ್ನಗಿರಿ ಮೊಮ್ಮಗ:
ಮಾಸ್ತರೇ, ಇದೆ. ಗೆರೆ ಇದೆ. ರಿವೆಟ್‌ನಿಂದ ಒಂದು ಅಕ್ಕಿಕಾಳಿನಷ್ಟು ದೂರ, ಅರ್ಧ ಅಗಲಕ್ಕೆ. ಬೆಳಕು ಓರೆ ಹಿಡಿದಾಗ ಮಾತ್ರ ಕಾಣುತ್ತೆ. ನೀವು ಹೇಳ್ದೇ ಇದ್ರೆ ನಾನು ಕೆರೀತಿದ್ದೆ.

ಇದಕ್ಕೆ ಬೆಸುಗೆ ಹಾಕಬಹುದಾ?

ಬಡಗಿ ಮಗ:
ಬೆಸುಗೆ ನಿಲ್ಲಲ್ಲ. ಬಿಸಿಗೆ ಹಿತ್ತಾಳೆ ಮೆತ್ತಗಾಗಿ ಸ್ಪ್ರಿಂಗ್ ಗುಣ ಹೋಗುತ್ತೆ, ಸೀಸದ ಭಾರ ಬೇರೆ. ರೀಡ್ ಬದಲಾಯಿಸ್ಬೇಕು, ಅದೊಂದನ್ನ ಮಾತ್ರ. ಹಳೇ ಗುಜರಿ ಪೆಟ್ಟಿಗೆಯ ರೀಡ್ ಸಿಕ್ರೆ ಸ್ವರದ ಬಣ್ಣ ಹತ್ರ ಬರುತ್ತೆ, ಹೊಸದು ಹಾಕಿದ್ರೆ ಸಾಲಲ್ಲಿ ಅದೊಂದೇ ಚುರುಕಾಗಿ ಎದ್ದು ಕೇಳುತ್ತೆ.

ಅಷ್ಟರಲ್ಲಿ ತಿದಿ ಮಾಡಿ. ಮೂಲೆಗೆ ತೆಳ್ಳಗಿನ ಕುರಿ ಚರ್ಮ ತಗೊಳ್ಳಿ, ಸ್ಯಾಂಡಲ್ ಹೊಲಿಯೋ ದಪ್ಪ ಚರ್ಮ ಬೇಡ, ಮಡಿಚಲ್ಲ. ಅಂಚನ್ನ ಸುತ್ತಲೂ ಬ್ಲೇಡಲ್ಲಿ ಹೆರೆದು ಕಾಗದದಷ್ಟು ತೆಳು ಮಾಡಿ. ಪುಡಿಯಾದ ಹಳೇ ಚರ್ಮ ಪೂರ್ತಿ ಕೆರೆದು ತೆಗೀರಿ, ಅದರ ಮೇಲೇ ಅಂಟಿಸಿದ್ರೆ ಎರಡೂ ಒಟ್ಟಿಗೆ ಕಿತ್ತು ಬರುತ್ತೆ. ತಿದಿ ಅರ್ಧ ತೆರೆದಿರೋ ಹಾಗೆ ಪುಸ್ತಕ ಸಿಗಿಸಿ ಅಂಟಿಸಿ. ಪೂರ್ತಿ ಮುಚ್ಚಿ ಅಂಟಿಸಿದ್ರೆ ತೆರೆಯೋವಾಗ ಎಳೆದು ಹರಿಯುತ್ತೆ, ಪೂರ್ತಿ ತೆರೆದು ಅಂಟಿಸಿದ್ರೆ ಮಡಿಕೆ ಕೂರಲ್ಲ. ಒಂದು ರಾತ್ರಿ ಬಿಡಿ. ಮನೆ ಕೆಳಗಿನ ಚರ್ಮ ಬದಲಾಯಿಸೋವಾಗ ಒರಟು ಮುಖ ತೂತಿನ ಕಡೆ ಇರ್ಲಿ, ಅದೇ ಗಾಳಿ ಹಿಡಿಯೋದು.

ಮಲೆನಾಡ ಮಳೆ:
ಬೆಳ್ಳಿಹುಳಕ್ಕೆ ಏನು ಮಾಡ್ತೀರಿ? ಮತ್ತೆ ತಿನ್ನುತ್ತೆ ಅದು. ಕಂಬಳಿ ಒಳಗೆ ಸುತ್ತಿಡೋದು ಬಿಡಿ. ಹತ್ತಿ ಬಟ್ಟೆ ಹೊದಿಕೆ, ಪಕ್ಕದಲ್ಲಿ ಬೇವಿನ ಒಣ ಎಲೆ, ವಾರಕ್ಕೊಮ್ಮೆ ಬೆಳಕಿಗೆ ತೆಗೆಯೋದು.

ಭಜನೆ ಮಂಡಳಿ:
ನಮ್ದು ಬಿಚ್ಚಿದ್ವಿ. ಎಣ್ಣೆ ಕುಡಿದ ಚರ್ಮ ಹಪ್ಪಳದ ಹಾಗೆ ಆಗಿದೆ, ಹನ್ನೊಂದು ಮನೆಗೆ. ಬಡಗಿ ಮಗ ಅವರೇ, ಒರಟು ಮುಖ ಕೆಳಗೆ ಅಂದ್ರಲ್ಲ, ನಮ್ಮದ್ರಲ್ಲಿ ನುಣುಪು ಮುಖ ಕೆಳಗಿತ್ತು, ಯಾರೋ ತಪ್ಪು ಹಾಕಿದ್ರಾ?

ಬಡಗಿ ಮಗ:
ಹೌದು. ಹನ್ನೊಂದನ್ನೂ ಸರಿ ಮಾಡಿ.

ಚನ್ನಗಿರಿ ಮೊಮ್ಮಗ:
ತಿದಿ ಮೂಲೆ ಅಂಟಿಸಿದೆ, ಮನೆ ಚರ್ಮ ಹಾಕಿದೆ. ಮೊದಲ ಸಲ ಅಂಚು ಸಾಕಷ್ಟು ತೆಳು ಮಾಡಿರ್ಲಿಲ್ಲ, ಕಿತ್ತು ಎರಡನೇ ಸಲ ಮಾಡಬೇಕಾಯ್ತು. ಈಗ ಸ್ಟಾಪ್ ಮುಚ್ಚಿ ತುಂಬ್ಸಿದ್ರೆ 50 ಸೆಕೆಂಡ್ ನಿಲ್ಲುತ್ತೆ. ಆರು ಸೆಕೆಂಡ್ ಇದ್ದಿದ್ದು! ಸ್ಟಾಪ್ ತೆರೆದಾಗ ಇನ್ನೂ ಸ್ವಲ್ಪ ಬೇಗ ಇಳಿಯುತ್ತೆ, ರೀಡ್ ಹಲಗೆ ಅಂಚಿನ ಪಟ್ಟಿ ಚಪ್ಪಟೆ ಆಗಿದೆ ಅನ್ಸುತ್ತೆ. ಮನೆ ಅಡೀಲಿ, ಅಜ್ಜ ಬರೆದದ್ದರ ಕೆಳಗೆ, ಈ ವರ್ಷದ ಇಸವಿ ಮತ್ತು "ಚರ್ಮ, ತಿದಿ ಮೂಲೆ" ಅಂತ ಪೆನ್ಸಿಲಲ್ಲೇ ಬರೆದೆ.

ಕಪ್ಪು ಮೂರರ ರೀಡ್ ಬಿಚ್ಚಿ ಇಟ್ಟಿದೀನಿ. ಆ ತೂತಿಗೆ ಸದ್ಯಕ್ಕೆ ಏನು ಮಾಡ್ಲಿ? ಹಾಗೇ ಬಿಟ್ರೆ ಆ ಮನೆ ಒತ್ತಿದಾಗ ಗಾಳಿ ಎಲ್ಲಾ ಹೋಗುತ್ತೆ.

ಪೇಟಿ ಮಾಸ್ತರ:
ಗಟ್ಟಿ ಕಾಗದ ಫ್ರೇಮಿನ ಅಳತಿಗೆ ಕತ್ತರಸಿ ಅದ ಎರಡು ಸ್ಕ್ರೂದಾಗ ಕೂಡಸ್ರಿ. ಟೇಪ್ ಹಚ್ಚಬ್ಯಾಡ್ರಿ, ಅದರ ಅಂಟು ಮರಕ್ಕ ಹತ್ತಿ ಬಿಡೂದಿಲ್ಲ. ಖರ್ಜದ (ಕೆಳಗಿನ ಸ್ವರದ) ಸಾಲು ಹಾಡ್ತೈತಿ, ಮನಿ ಪೂರಾ ಸುಮ್ಮನಿರೂದಿಲ್ಲ.

ನನ್ನ ಹತ್ರ ಹುಳ ತಿಂದ ಹಳೇ ಪೇಟಿ ಒಂದರ ರೀಡ್ ಡಬ್ಬಿಯೊಳಗ ಅದಾವು. ಫ್ರೇಮಿನ ಉದ್ದ, ಅಗಲ, ಎರಡು ಸ್ಕ್ರೂ ತೂತಿನ ನಡುವಿನ ಅಂತರ, ಮೂರೂ ಮಿಲಿಮೀಟರಿನ್ಯಾಗ ಕಳಸ್ರಿ. ನಾಲಿಗಿ ಎತ್ತಿ ಅಳೀಬ್ಯಾಡ್ರಿ.

ಚನ್ನಗಿರಿ ಮೊಮ್ಮಗ:
ಅಳೆದು ಮೆಸೇಜ್ ಕಳ್ಸಿದೀನಿ ಮಾಸ್ತರೇ. ನೋಡಿ ಹೇಳಿ.

ಪೇಟಿ ಮಾಸ್ತರ:
ಉದ್ದ, ಅಗಲ ಕೂಡತಾವು. ಸ್ಕ್ರೂ ತೂತು ಅರ್ಧ ಮಿಲಿಮೀಟರ್ ಆಚೀಚೆ ಐತಿ. ಫ್ರೇಮಿನ ತೂತನ್ನ ನಾನ ದುಂಡ ಕಾನಸಿಲೆ ಸ್ವಲ್ಪ ಹಿಗ್ಗಸಿ ಕಳಸ್ತೀನಿ, ನೀವು ಮರದಾಗ ಹೊಸಾ ತೂತು ಕೊರೀಬ್ಯಾಡ್ರಿ. 10 ಸೆಂಟ್ ಮ್ಯಾಲ ಇಟ್ಟ ಶ್ರುತಿ ಮಾಡ್ತೀನಿ, ನಿಮ್ಮ ಪೇಟಿಯೊಳಗ ಕೂಡ್ಸಿದ ಮ್ಯಾಲ ಎಷ್ಟು ಬರತೈತಿ ಅಂತ ಇಲ್ಲೇ ಹಾಕ್ರಿ.